ಗೆಳತಿಗೆ ಗ್ರೀಕರು ಇಟ್ಟ ಹಗುರ ಹೆಸರುಗಳು

ಇಂದಿನ ಗ್ರೀಕ್ ಆಡುನುಡಿಯಲ್ಲಿ ಪ್ರೇಯಸಿಗೆ ‘ಗೋಮೆನಾ’ ಎನ್ನುವುದುಂಟು. ನಿಘಂಟುಕಾರರು ಇದರ ಮೂಲವನ್ನು ಇಟಲಿಯ ನಾವಿಕರ ನುಡಿಯಲ್ಲಿ ಗುರುತಿಸುತ್ತಾರೆ. ಅಲ್ಲಿ ಅದಕ್ಕೆ ಹಡಗಿನ ದಪ್ಪ ಹಗ್ಗವೆಂದು ಅರ್ಥ! ದಡಕ್ಕೆ ಬಿಗಿದ ಹಡಗಿನಂತೆ ಗಂಡಸು ಇವಳಲ್ಲಿ ಕಟ್ಟುಬಿದ್ದನೆಂಬ ಕುಚೋದ್ಯವಿರಬೇಕೆಂದು ನನಗೆ ತೋರುತ್ತದೆ. ಇದರಿಂದಲೇ ‘ಗೋಮೆನೋಸ್’ ಎಂಬ ಪುಲ್ಲಿಂಗರೂಪವೂ ಹುಟ್ಟಿತು. ಮರ್ಯಾದೆ ಬಲ್ಲವರು ‘ಕೊಪೆಲಾ ಮು’, ಎಂದರೆ ‘ನನ್ನ ಹುಡುಗಿ’, ಎನ್ನುತ್ತಾರೆ.

‘ಗೋಮೆನಾಕಿ’ ಎಂಬ ಕಿರಿದುರೂಪ ನಪುಂಸಕಲಿಂಗ. ಆದರೆ ತಪ್ಪು ವ್ಯಾಕರಣದ್ದಲ್ಲ. ಹುಡುಗಿ ಎಂಬರ್ಥದ ‘ಕೊರಿತ್ಸಿ’ ಎಂಬ ಸಭ್ಯ ಶಬ್ದವೂ ನಪುಂಸಕವೇ.

ಪ್ರಾಚೀನ ಗ್ರೀಕಿನ ‘ಹೆತೈರಾ’ ಶಬ್ದದ ಕಥೆ ಇದಕ್ಕಿಂತ ವಿಚಾರಾರ್ಹವಾದುದು. ‘ಹೆತೈರೋಸ್’ ಎಂದರೆ ಸಂಗಾತಿ. ಅಲೆಕ್ಸಾಂಡರನ ಅಶ್ವಸೈನ್ಯದ ಶ್ರೇಷ್ಠರಿಗೆ ಅದು ಬಿರುದಾಗಿತ್ತು. ಅದೇ ಧಾತುವಿನ ‘ಎತೆರಿಯಾ’ ಇಂದು ವ್ಯಾಪಾರ ಸಂಸ್ಥೆಯ ಹೆಸರು. 1814ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಸ್ವಾತಂತ್ರ್ಯವಾದಿಗಳ ಗುಪ್ತ ಸಂಘವೂ ಅದನ್ನೇ ಧರಿಸಿತ್ತು. ಸ್ತ್ರೀಲಿಂಗದ ‘ಹೆತೈರಾ’ ಮಾತ್ರ ವೇಶ್ಯೆಯೆಂಬ ಅರ್ಥಕ್ಕೆ ಇಳಿಯಿತು.

ಇಂಥ ಹೆಸರುಗಳಿಗೆ ಕಾನೂನಿನ ಬೆಂಬಲವೂ ಇತ್ತೆಂಬುದನ್ನು ಮರೆಯಬಾರದು. ಕ್ರಿ. ಪೂ. 451ರಲ್ಲಿ ಪೆರಿಕ್ಲಿಸ್ ತಂದ ಶಾಸನದಂತೆ ತಂದೆತಾಯಿಗಳಿಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗನಿಗೆ ಪೌರತ್ವ. ಮುಂದೆ ಅವನೊಡನೆ ಬಾಳಿದ ಅಸ್ಪೇಸಿಯಾ ಮಿಲೆಟಸ್ ನಗರದವಳು. ಹಾಸ್ಯನಾಟಕಕಾರ ಕ್ರಾಟಿನಸ್ ಅವಳನ್ನು ‘ಪಲ್ಲಕೆ’, ಅಂದರೆ ಇಟ್ಟುಕೊಂಡವಳು, ಎಂದು ಮೂದಲಿಸಿದ. ಬುದ್ಧಿವಂತಿಕೆಗೆ ಹೆಸರಾಗಿದ್ದವಳಿಗೆ ರಂಗಭೂಮಿ ಕೊಟ್ಟ ಪಟ್ಟವಿದು! ಮೊದಲ ಹೆಂಡತಿಯ ಮಕ್ಕಳಿಬ್ಬರೂ ಪಿಡುಗಿಗೆ ತುತ್ತಾದ ಮೇಲೆ, ಅಸ್ಪೇಸಿಯಾಳ ಮಗನನ್ನು ಪೌರನೆಂದು ಒಪ್ಪಿಕೊಳ್ಳಿರೆಂದು ಪೆರಿಕ್ಲಿಸನೇ ಅಥೆನ್ಸಿನವರನ್ನು ಬೇಡಬೇಕಾಯಿತು.