ಕಾಲಿಲ್ಲದ ಓದುವ ಮೇಜು



ಮನೆಭೇಟಿಯಲ್ಲಿ ನಾವು ನೋಡುತ್ತಲೇ ಇದ್ದೇವೆ: ಚಾಪೆ ಹಾಸುವ ಹೊತ್ತಿಗೆ ಮೊದಲು ಮುಚ್ಚೋದು ಹುಡುಗಿಯ ಪುಸ್ತಕ. ಗೋಡೆಗೇ ಮೇಜು ಕೂರಿಸೋಣ, ಕೆಳಗೆ ಜಾಗ ಉಳಿಯುತ್ತೆ.

19 ಮಿ.ಮೀ. ಪ್ಲೈವುಡ್, ಎರಡೂವರೆ ಅಡಿ ಉದ್ದ, ಒಂದೂಕಾಲು ಅಡಿ ಅಗಲ ಸಾಕು. ಅಗಲ ಹೆಚ್ಚಿದಷ್ಟೂ, ಮಗು ತುದಿಗೆ ಮೊಣಕೈ ಊರಿದಾಗ ಮೇಲಿನ ಸ್ಕ್ರೂ ಗೋಡೆಯಿಂದ ಕಿತ್ತು ಬರುವ ಭಯ ಜಾಸ್ತಿ. ಆದ್ದರಿಂದ ಓರೆ ಆಸರೆಯಿರುವ ಕಬ್ಬಿಣದ ಬ್ರಾಕೆಟ್ಟನ್ನೇ ತನ್ನಿ. ಗಾರೆ ಸುಮಾರು ಅರ್ಧ ಇಂಚು, ಅದನ್ನು ನಂಬಬೇಡಿ. ಎರಡೂವರೆ ಇಂಚಿನ ಸ್ಕ್ರೂ, ಪ್ಲಗ್ ಸಮೇತ, ಇಟ್ಟಿಗೆಯೊಳಗೆ ಹೋಗಬೇಕು. ಮಣ್ಣಿನ ಗೋಡೆಯಾದರೆ ಈ ಆಸೆ ಬಿಡಿ, ಕಾಲಿರುವ ಮೇಜೇ ವಾಸಿ. ಸ್ವಿಚ್ ಬೋರ್ಡಿನ ನೇರದಲ್ಲಿ ತೂತು ಕೊರೆಯಬೇಡಿ, ಒಳಗೆ ವಯರ್ ಇರುತ್ತೆ.

ಮಗುವನ್ನು ಕೂರಿಸುವ ಮೊದಲು 25 ಕಿಲೋ ಅಕ್ಕಿ ಚೀಲವನ್ನು ಒಂದು ರಾತ್ರಿ ಮೇಜಿನ ಮೇಲಿಟ್ಟು ನೋಡಿ.