ವಿಕಲಚೇತನರ ಉದ್ಯೋಗ: ಯೋಗವೂ ಕ್ಷೇಮವೂ

‘ಯೋಗಕ್ಷೇಮ’ವೆಂಬ ಮಾತು ಕನ್ನಡಿಗರ ಪತ್ರಗಳಲ್ಲಿಯೂ ಕುಶಲಪ್ರಶ್ನೆಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಬಳಸಿ ಬಳಸಿ ಅದರೊಳಗಿನ ಎರಡು ಅರ್ಥಗಳು ಒಂದರಂತೆ ತೋರುತ್ತಿವೆಯಾದರೂ ಪ್ರಾಚೀನ ವ್ಯಾಖ್ಯಾನಕಾರರು ಅವನ್ನು ಬೇರೆಬೇರೆಯಾಗಿಯೇ ಬಿಡಿಸಿದ್ದಾರೆ. ದೊರೆಯದಿರುವುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ವಿಕಲಚೇತನರ ಉದ್ಯೋಗಕ್ಕಾಗಿ ಸರ್ಕಾರವು ಒದಗಿಸಿರುವ ಆಸರೆಗಳನ್ನು ಅರಿಯಲು ಈ ವಿಭಾಗವೇ ತಕ್ಕ ಅಳತೆಗೋಲು. ಇವುಗಳಲ್ಲಿ ಮೀಸಲಾತಿಯ ವಿಚಾರ, ಎಂದರೆ ಯೋಗದ ಭಾಗ, ಬಹುಜನರಿಗೆ ಗೊತ್ತಿರುವಂಥದು. ದೊರೆತ ಕೆಲಸವನ್ನು ಉಳಿಸಿಕೊಡುವ ಕ್ಷೇಮದ ಭಾಗವಾದರೋ ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದು. ತಿಳಿಯದಿದ್ದರೆ, ಕಾನೂನಿನ ರಕ್ಷಣೆ ಇದ್ದೂ ನೌಕರನೊಬ್ಬನು ತಾನಾಗಿಯೇ ರಾಜೀನಾಮೆ ಬರೆದುಕೊಟ್ಟು ಮನೆಗೆ ಹೋಗುವ ಪ್ರಸಂಗ ಬರುತ್ತದೆ.

ಪದವಿಚಾರ

ಮೊದಲಿಗೆ ಹೆಸರಿನ ಮಾತು. ‘ವಿಕಲ’ವೆಂದರೆ ಕಲೆ, ಅರ್ಥಾತ್ ಅಂಶವೊಂದು, ಕುಂದಿದ್ದು. ‘ಅಂಗವಿಕಲ’ ಎಂಬಲ್ಲಿ ಆ ಕುಂದು ಅಂಗಕ್ಕೆ ಸೇರಿದ್ದು. ಇಂದು ಕರ್ನಾಟಕದ ಆಡಳಿತದಲ್ಲಿ ನೆಲೆಗೊಂಡಿರುವ ‘ವಿಕಲಚೇತನ’ ಎಂಬ ಸಮಾಸವನ್ನು ಶಬ್ದಶಃ ಬಿಡಿಸಿದರೆ ಕುಂದು ಚೇತನಕ್ಕೇ ತಗಲುವಂತಾಗುತ್ತದೆ. ಅದು ಆ ಪದವನ್ನು ಬಳಸುವವರ ಅಭಿಪ್ರಾಯವಲ್ಲ. ವ್ಯುತ್ಪತ್ತಿಗಿಂತ ರೂಢಿ ಬಲವಾದುದೆಂಬ ನ್ಯಾಯದಂತೆ ಇಲ್ಲಿಯೂ ಆ ಪದವನ್ನೇ ಇಟ್ಟುಕೊಳ್ಳಲಾಗಿದೆ. ಆದರೆ ಕುಂದಿರುವುದು ಅಂಗದಲ್ಲಿ, ದುಡಿಯುವ ಚೇತನದಲ್ಲಿ ಅಲ್ಲ ಎಂಬ ಎಚ್ಚರ ಓದುಗರಲ್ಲಿ ಇರಬೇಕು. ಮುಂದೆ ಹೇಳಲಿರುವ ಕಾನೂನಿನ ತಿರುಳೂ ಅದೇ ಆಗಿದೆ.

ಯೋಗ: ಕೆಲಸ ದೊರೆಯುವ ಬಗೆ

೨೦೧೧ರ ಜನಗಣತಿಯಂತೆ ಭಾರತದಲ್ಲಿ ಸುಮಾರು ೨ ಕೋಟಿ ೬೮ ಲಕ್ಷ, ಕರ್ನಾಟಕದಲ್ಲಿ ಸುಮಾರು ೧೩ ಲಕ್ಷ ೨೪ ಸಾವಿರ ವಿಕಲಚೇತನರಿದ್ದರು. ಇವರಿಗೆ ಉದ್ಯೋಗದಲ್ಲಿ ಪಾಲು ಕೊಡುವ ಕ್ರಮವು ೧೯೭೭ರಲ್ಲಿ ಕೇಂದ್ರ ಸರ್ಕಾರದ ‘ಸಿ’ ಮತ್ತು ‘ಡಿ’ ವರ್ಗಗಳ ಹುದ್ದೆಗಳಿಗೆ ಶೇ. ೩ರ ಮೀಸಲಾತಿಯ ರೂಪದಲ್ಲಿ ಬಂದಿತು. ಅದು ಆಡಳಿತದ ಆಜ್ಞೆಯಾಗಿತ್ತು. ೧೯೯೫ರ ಅಧಿನಿಯಮವು ೧೯೯೬ರ ಫೆಬ್ರವರಿ ೭ರಂದು ಜಾರಿಗೆ ಬಂದು, ಆಜ್ಞೆಯನ್ನು ಶಾಸನದ ಹಕ್ಕನ್ನಾಗಿ ಮಾಡಿತು. ಅದರ ಸ್ಥಾನದಲ್ಲಿ ಬಂದ ೨೦೧೬ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ.

ಹಳೆಯ ಶಾಸನವು ೭ ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ ಹೊಸದು ೨೧ನ್ನು ಗುರುತಿಸಿದೆ, ಮೀಸಲಾತಿಯನ್ನು ಶೇ. ೪ಕ್ಕೆ ಏರಿಸಿದೆ. ಅಂಧರು ಮತ್ತು ಮಂದದೃಷ್ಟಿಯವರಿಗೆ ೧, ಶ್ರವಣದೋಷವುಳ್ಳವರಿಗೆ ೧, ಕೈಕಾಲುಗಳ ಚಲನವೈಕಲ್ಯವುಳ್ಳವರಿಗೆ ೧, ಬೌದ್ಧಿಕ ಹಾಗೂ ಮಾನಸಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ೧, ಹೀಗೆ ಅದರ ಹಂಚಿಕೆ. ವೈಕಲ್ಯವು ಶೇ. ೪೦ಕ್ಕೆ ಕಡಿಮೆಯಿಲ್ಲವೆಂದು ವೈದ್ಯಕೀಯ ಪ್ರಮಾಣಪತ್ರ ಇರಬೇಕು. ಒಂದು ವರ್ಷ ತಕ್ಕ ಅಭ್ಯರ್ಥಿ ಸಿಗದಿದ್ದರೆ ಆ ಸ್ಥಾನವನ್ನು ಮುಂದಿನ ವರ್ಷಕ್ಕೆ ಒಯ್ಯಬೇಕು. ಆಗಲೂ ಸಿಗದಿದ್ದರೆ ಬೇರೊಂದು ಬಗೆಯ ವಿಕಲಚೇತನರಿಗೆ ಕೊಡಬೇಕು. ಅವರೂ ಇಲ್ಲದಾಗ ಮಾತ್ರ ಇತರರಿಗೆ. ಕರ್ನಾಟಕ ರಾಜ್ಯದ ಸೇವೆಯಲ್ಲಿ ‘ಸಿ’ ಮತ್ತು ‘ಡಿ’ ವರ್ಗಗಳಿಗೆ ಶೇ. ೫ರ ಪಾಲನ್ನು ನಿಗದಿಪಡಿಸಲಾಗಿದೆ.

ಸ್ವಂತ ಉದ್ಯೋಗ ಮಾಡಬಯಸುವವರಿಗೆ ಸಾಲ ಒದಗಿಸಲು ರಾಷ್ಟ್ರಮಟ್ಟದ ಹಣಕಾಸು ನಿಗಮವೊಂದು ೧೯೯೭ರಲ್ಲಿ ಸ್ಥಾಪಿತವಾಯಿತು. ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರು ಸ್ವತಃ ವಿಕಲಚೇತನರೇ ಆಗಿದ್ದು, ಊರಿನ ಇತರ ವಿಕಲಚೇತನರಿಗೆ ಸರ್ಕಾರದ ಸೌಲಭ್ಯಗಳ ದಾರಿ ತೋರುತ್ತಾರೆ. ಖಾಸಗಿ ಸಂಸ್ಥೆಗಳಿಗೆ ಮೀಸಲಾತಿ ಕಡ್ಡಾಯವಲ್ಲ. ತಮ್ಮ ನೌಕರರಲ್ಲಿ ಶೇ. ೫ರಷ್ಟಾದರೂ ವಿಕಲಚೇತನರಿರುವಂತೆ ಅವುಗಳಿಗೆ ಪ್ರೋತ್ಸಾಹ ನೀಡಬೇಕೆಂದಷ್ಟೇ ಶಾಸನ ಹೇಳುತ್ತದೆ. ಯೋಗದ ಭಾಗದಲ್ಲಿ ಇದೊಂದು ದೊಡ್ಡ ಕೊರತೆಯಾಗಿ ಉಳಿದಿದೆ.

ಕ್ಷೇಮ: ಕೆಲಸ ಉಳಿಯುವ ಬಗೆ

ಹುಟ್ಟಿನಿಂದ ವೈಕಲ್ಯವಿರುವವರನ್ನು ಮಾತ್ರ ನೆನೆಯುವುದು ಸಾಮಾನ್ಯರ ವಾಡಿಕೆ. ಆದರೆ ನಡುಹರೆಯದಲ್ಲಿ ಅಪಘಾತದಿಂದ ಕಾಲು ಕಳೆದುಕೊಂಡ ಗುಮಾಸ್ತ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ನಂದಿದ ಉಪಾಧ್ಯಾಯ, ಪಾರ್ಶ್ವವಾಯುವಿನಿಂದ ಬಲಗೈ ಸೋತ ಲೆಕ್ಕಿಗ, ಇವರೂ ಆ ಸಾಲಿಗೆ ಸೇರಿದವರೇ. ಇಂಥವರ ವಿಷಯದಲ್ಲಿ ೨೦೧೬ರ ಅಧಿನಿಯಮದ ೨೦ನೆಯ ಪ್ರಕರಣವು ಸ್ಪಷ್ಟವಾಗಿದೆ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ನೌಕರನನ್ನು ಸರ್ಕಾರಿ ಸಂಸ್ಥೆಯು ಕೆಲಸದಿಂದ ತೆಗೆಯಲಾಗದು, ಕೆಳದರ್ಜೆಗೆ ಇಳಿಸಲೂ ಆಗದು. ಹಿಡಿದ ಹುದ್ದೆ ನಡೆಸಲು ಅಸಾಧ್ಯವಾದರೆ ಅದೇ ವೇತನಶ್ರೇಣಿಯ, ಅವೇ ಸೇವಾಸೌಲಭ್ಯಗಳ ಬೇರೆ ಹುದ್ದೆಗೆ ಅವನನ್ನು ಬದಲಾಯಿಸಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಹೆಚ್ಚುವರಿ ಹುದ್ದೆಯೊಂದರಲ್ಲಿ ಇರಿಸಿಕೊಳ್ಳಬಹುದು.

ಈ ರಕ್ಷಣೆಯ ಬೇರು ೧೯೯೫ರ ಅಧಿನಿಯಮದ ೪೭ನೆಯ ಪ್ರಕರಣದಲ್ಲಿದೆ. ಕರ್ತವ್ಯದಲ್ಲಿದ್ದಾಗ ಗಾಯಗೊಂಡು ಎಡಗಾಲನ್ನು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ಸೇವೆಗೆ ಅನರ್ಹರೆಂದು ಬಿಡುಗಡೆ ಮಾಡಲಾಗಿತ್ತು. ಕುನಾಲ್ ಸಿಂಗ್ ಪ್ರಕರಣವೆಂದು ಹೆಸರಾದ ಇದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೩ರಲ್ಲಿ ತೀರ್ಪಿತ್ತು, ವೈಕಲ್ಯದ ಪಿಂಚಣಿ ಸಿಗುತ್ತದೆಂಬ ಕಾರಣಕ್ಕೆ ಉದ್ಯೋಗದ ರಕ್ಷಣೆಯನ್ನು ನಿರಾಕರಿಸಲಾಗದೆಂದು ಸಾರಿತು. ಪಿಂಚಣಿಯು ಹೊಟ್ಟೆಯನ್ನು ಹೊರೆಯಬಲ್ಲುದು. ದುಡಿಯುವವನೆಂಬ ಮರ್ಯಾದೆಯನ್ನು ಉಳಿಸಿಕೊಡಲಾರದು.

ಕ್ಷೇಮವೆಂದರೆ ಇದ್ದಲ್ಲಿಯೇ ಇರಿಸುವುದೂ ಅಲ್ಲ. ಬಡ್ತಿಯಲ್ಲಿಯೂ ವಿಕಲಚೇತನರಿಗೆ ಮೀಸಲಾತಿ ಸಲ್ಲುತ್ತದೆಂಬ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಜನವರಿಯಲ್ಲಿ ಎತ್ತಿಹಿಡಿದದ್ದು ಕರ್ನಾಟಕದಿಂದಲೇ ಹೋದ ಸಿದ್ದರಾಜು ಪ್ರಕರಣದಲ್ಲಿ.

ಶಾಸನವು ಹೇಳುವ ಇನ್ನೊಂದು ತತ್ತ್ವ ‘ಯುಕ್ತ ಹೊಂದಾಣಿಕೆ’. ಸಂಸ್ಥೆಗೆ ಅತಿಭಾರವಾಗದಂತೆ, ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡಿಕೊಡುವುದೇ ಅದರ ಅರ್ಥ. ಗಾಲಿಕುರ್ಚಿಯಲ್ಲಿ ಬರುವ ಉಪಾಧ್ಯಾಯರ ತರಗತಿಯನ್ನು ಮಹಡಿಯಿಂದ ನೆಲದಂತಸ್ತಿಗೆ ತರುವುದು, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟುವುದು, ದೃಷ್ಟಿಯಿಲ್ಲದವರಿಗೆ ಬರಹವನ್ನು ಓದಿಹೇಳುವ ತಂತ್ರಾಂಶವುಳ್ಳ ಗಣಕಯಂತ್ರ ಕೊಡುವುದು, ಕಿವಿ ಕೇಳದವರಿಗೆ ಸೂಚನೆಗಳನ್ನು ಬರೆದು ತಿಳಿಸುವುದು ಮುಂತಾದವು ಇದಕ್ಕೆ ಉದಾಹರಣೆಗಳು. ಇವುಗಳಲ್ಲಿ ಕೆಲವಕ್ಕೆ ಹಣ ಬೇಕು. ಕೆಲವಕ್ಕೆ ವೇಳಾಪಟ್ಟಿಯನ್ನು ತಿದ್ದುವ ಮನಸ್ಸು ಸಾಕು.

ವಿದ್ಯಾಸಂಸ್ಥೆಗಳ ಹೊಣೆ

ಇಷ್ಟೆಲ್ಲವೂ ಸರ್ಕಾರಿ ಕಚೇರಿಗಳ ಮಾತೆಂದು ಭಾವಿಸಬಾರದು. ‘ಸರ್ಕಾರಿ ಸಂಸ್ಥೆ’ ಎಂಬುದಕ್ಕೆ ಅಧಿನಿಯಮವು ಕೊಟ್ಟ ಲಕ್ಷಣದಲ್ಲಿ ಸರ್ಕಾರದ ಒಡೆತನದವಲ್ಲದೆ ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಸೇರಿವೆ. ಆದ್ದರಿಂದ ಅನುದಾನಿತ ಶಾಲೆಗಳನ್ನು ನಡೆಸುವ ಆಡಳಿತ ಮಂಡಳಿಗಳಿಗೆ, ಅವು ಮಠದವಾಗಲಿ ಸಂಘದವಾಗಲಿ, ೨೦ನೆಯ ಪ್ರಕರಣದ ಕಟ್ಟಳೆ ಅನ್ವಯಿಸುತ್ತದೆ. ದೃಷ್ಟಿ ಕಳೆದುಕೊಂಡ ಉಪಾಧ್ಯಾಯರ ಮುಂದೆ ರಾಜೀನಾಮೆಯ ಕಾಗದ ಇಡುವುದು ಅನುಕಂಪದ ಮಾತುಗಳೊಡನೆ ನಡೆದರೂ ಶಾಸನದ ಆಶಯಕ್ಕೆ ವಿರುದ್ಧವೇ. ಈ ಅಧಿನಿಯಮವನ್ನು ಮೊದಲ ಬಾರಿ ಉಲ್ಲಂಘಿಸಿದರೆ ೧೦,೦೦೦ ರೂಪಾಯಿಗಳವರೆಗೆ ದಂಡವುಂಟು. ಮತ್ತೆ ಉಲ್ಲಂಘಿಸಿದರೆ ೫೦,೦೦೦ ರೂಪಾಯಿಗಳಿಂದ ೫ ಲಕ್ಷದವರೆಗೆ.

ದಂಡದ ಭಯಕ್ಕಿಂತ ಮಿಗಿಲಾದ ಮೇಲ್ಪಂಕ್ತಿ ನಾಡಿನಲ್ಲಿಯೇ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ, ಇಬ್ಬರೂ ಸ್ವತಃ ಅಂಧರು, ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ೧೯೯೫ರ ಶಾಸನಕ್ಕಿಂತ ಹಲವು ದಶಕಗಳ ಮೊದಲೇ ಅಲ್ಲಿ ಭಿಕ್ಷೆಯ ಸ್ಥಾನದಲ್ಲಿ ಕಾಯಕವನ್ನು ನಿಲ್ಲಿಸಲಾಯಿತು. ೨೦೧೦ರಲ್ಲಿ ಪುಟ್ಟರಾಜ ಗವಾಯಿಗಳಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು.

ಶಾಸನವು ಹಾಳೆಯಿಂದ ಬಾಳಿಗೆ ಇಳಿಯಬೇಕಾದರೆ ಮೂವರ ನೆರವು ಬೇಕು. ಉಪಾಧ್ಯಾಯರು ವಿಕಲಚೇತನ ವಿದ್ಯಾರ್ಥಿಯು ಶಾಲೆ ಬಿಡುವ ಮೊದಲೇ ಅವನ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿ ಸಿದ್ಧವಾಗುವಂತೆ ನೋಡಿಕೊಳ್ಳಬಹುದು. ಕಚೇರಿ, ಕಾರ್ಖಾನೆಗಳಲ್ಲಿ ಅಧಿಕಾರಸ್ಥಾನದಲ್ಲಿರುವ ಹಿರಿಯ ವಿದ್ಯಾರ್ಥಿಗಳು ತಮ್ಮ ಕೈಕೆಳಗಿನ ನೌಕರನೊಬ್ಬನಿಗೆ ವೈಕಲ್ಯ ಒದಗಿದಾಗ ಈ ಹಕ್ಕನ್ನು ಅವನಿಗೆ ತಿಳಿಸಿಹೇಳಬಹುದು. ದಾನಿಗಳು ಹೊಸ ಮಹಾದ್ವಾರಕ್ಕೆ ಕೊಡುವ ಹಣದಲ್ಲಿ ಸ್ವಲ್ಪಭಾಗವನ್ನು ಅದೇ ದ್ವಾರದ ಇಳಿಜಾರಿಗೆ ಮೀಸಲಿಡಬಹುದು. ಯೋಗವನ್ನು ಸರ್ಕಾರ ಒದಗಿಸಬಲ್ಲುದು. ಕ್ಷೇಮವು ಮಾತ್ರ ದಿನದಿನವೂ ಜೊತೆಯಲ್ಲಿ ದುಡಿಯುವವರ ನಡತೆಯನ್ನೇ ಬಹುಪಾಲು ಅವಲಂಬಿಸಿದೆ.