ರವದಿಗೆ ಬೆಂಕಿ ಇಡುವ ಮುನ್ನ



ಕಬ್ಬು ಕಡಿದು ಸಾಗಿಸಿದ ಮೇಲೆ ಗದ್ದೆಯಲ್ಲಿ ಉಳಿಯುವ ರವದಿಗೆ ಬೆಂಕಿ ಇಡುವುದು ನಮ್ಮಲ್ಲಿ ರೂಢಿ. “ಹವೆ ಕೆಡುತ್ತದೆ, ಸುಡಬೇಡಿ” ಎಂದರೆ ನೀವು ಕೇಳುವ ಪ್ರಶ್ನೆ ಒಂದೇ: “ನನ್ನೊಬ್ಬನ ಎರಡು ಎಕರೆ ಸುಡದಿದ್ದರೆ ಮಳೆ ಸರಿಹೋಗುತ್ತದೆಯೆ?”

ಪ್ರಶ್ನೆ ನ್ಯಾಯವಾದದ್ದೇ. ಭೂಮಿಯ ಬಿಸಿ ಏರಲು ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್‌ಗಳನ್ನು ಉರಿಸಿದಾಗ ಬರುವ ಇಂಗಾಲಾಮ್ಲ ಅನಿಲ. ಅದು ಅಮೆರಿಕದಲ್ಲಿ ವರ್ಷಕ್ಕೆ ತಲೆಗೆ ಸುಮಾರು 14 ಟನ್, ನಮ್ಮ ದೇಶದಲ್ಲಿ ಸುಮಾರು 2 ಟನ್. ಹೀಗಿರುವಾಗ ನಿಮಗೆ ಬುದ್ಧಿ ಹೇಳಲು ನನಗೂ ಸಂಕೋಚವೇ. ನಾನೂ ಮೋಟಾರು ಸೈಕಲ್ಲಿನಲ್ಲೇ ಹಳ್ಳಿ ಸುತ್ತುವವನು. ಒಬ್ಬ ರೈತನಿಂದ ಮಳೆ ಸರಿಹೋಗುವುದಿಲ್ಲ. ಹೋಗುತ್ತದೆಂದು ಸುಳ್ಳು ಹೇಳಲಾರೆ.

ಆದರೆ ಮಳೆ ಕೈಕೊಟ್ಟಾಗ ಕಷ್ಟ ಯಾರಿಗೆ? 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬಿಸಿ ಏರಿದಂತೆ ನೆಲ ಇನ್ನೂ ಬೇಗ ಒಣಗುತ್ತದೆ. ಅಂಥ ವರ್ಷ ತೇವವನ್ನು ಹಿಡಿದಿಡುವ ಹೊದಿಕೆಯೇ ಈ ರವದಿ. ಎಕರೆಗೆ ಸುಮಾರು 3ರಿಂದ 4 ಟನ್ ಸಿಗುತ್ತದೆ. ಸುಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಆದುದರಿಂದ ಲೋಕಕ್ಕಾಗಿ ಅಲ್ಲದಿದ್ದರೂ ನಿಮ್ಮ ಕೂಳೆ ಬೆಳೆಗಾಗಿ ಹೀಗೆ ಮಾಡಿ ನೋಡಿರಿ:

1. ಕೂಳೆಗಳನ್ನು ನೆಲಮಟ್ಟಕ್ಕೆ ಸವರಿರಿ.

2. ರವದಿಯನ್ನು ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹರಡಿರಿ. ಬರಿದಾದ ಸಾಲಿನಲ್ಲಿ ನೀರು ಹಾಯಿಸಿರಿ.

3. ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್ ಎರಚಿರಿ. ಕೊಳೆಸುವ ಜೀವಾಣು 1 ಕಿಲೋವನ್ನು ಸಗಣಿ ನೀರಿನಲ್ಲಿ ಕಲಸಿ ಚಿಮುಕಿಸಿರಿ. ತೇವ ಆರಗೊಡಬಾರದು.

4. ನೆರೆಯವರ ಬೆಂಕಿ ಹಾರದಂತೆ ಬದುವಿನ ಪಕ್ಕ ಎರಡು ಮಾರು ನೆಲವನ್ನು ಬರಿದಾಗಿಡಿರಿ.

5. ಕೆಂಪು ಕೊಳೆ ರೋಗ ಬಂದ ಗದ್ದೆಯಲ್ಲಿ ಈ ಕ್ರಮ ಬೇಡ. ಅಲ್ಲಿ ಕೂಳೆ ಬೆಳೆಯನ್ನೂ ಬಿಡಬಾರದು.

ಇದಕ್ಕೆ ಕೂಲಿ ಬೀಳುತ್ತದೆ. ಬೆಂಕಿಗಾದರೆ ಒಂದು ಕಡ್ಡಿ ಸಾಕು. ಈ ಮಾತನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಮೊದಲ ವರ್ಷ ಕಾಲು ಎಕರೆಯಲ್ಲಿ ಮಾತ್ರ ಮಾಡಿರಿ. ನೀರು ಕಟ್ಟಿದ ಹತ್ತನೆಯ ದಿನ ಹೊದಿಕೆಯ ಕೆಳಗಿನ ಒಂದು ಹಿಡಿ ಮಣ್ಣನ್ನೂ ಪಕ್ಕದ ಬರಿ ನೆಲದ ಒಂದು ಹಿಡಿ ಮಣ್ಣನ್ನೂ ಕೈಯಲ್ಲಿ ಹಿಸುಕಿ ನೋಡಿರಿ. ಮಿಕ್ಕ ಗದ್ದೆಗೆ ಏನು ಮಾಡಬೇಕೆಂಬುದನ್ನು ಆಮೇಲೆ ನೀವೇ ತೀರ್ಮಾನಿಸಿರಿ.

— ನಿಮ್ಮ ಗ್ರಾಮಸೇವಕ